ಅಟ್ಟಕ್ಕೆ ಆಳು ಕರೆಯುವ ಮೊದಲು

ಅಕ್ಕಾ,

ನಮ್ಮದು ಡೆಂಕಣಿಕೋಟೆ ತಾಲ್ಲೂಕು, ತಳಿ ಕಡೆಯ ಹಳ್ಳಿ. ಮಾವನವರ ಅಪ್ಪ ಕಟ್ಟಿಸಿದ ಹೆಂಚಿನ ಮನೆ. ನಡುಮನೆ, ಅಡುಗೆಮನೆ ಎರಡರ ಮೇಲೂ ಅಟ್ಟವಿದೆ. ಅತ್ತೆ ಇರುವತನಕ ಅವರೇ ಹತ್ತಿ ಇಳಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಾರೂ ಹತ್ತಿಲ್ಲ. ಈಗ ರಾತ್ರಿಯೆಲ್ಲ ಇಲಿಗಳ ಓಡಾಟ, ಸಂಜೆಯಾದರೆ ಬಾವಲಿ, ಮಳೆ ಬಂದರೆ ಸಹಿಸಲಾಗದ ವಾಸನೆ. ಸೊಸೆಗೆ ಧೂಳು ಆಗುವುದಿಲ್ಲ, ಉಬ್ಬಸ ಬರುತ್ತದೆ. ಅವಳು ತವರಿನಿಂದ ಮಗುವನ್ನು ಕರೆದುಕೊಂಡು ಬರುವಷ್ಟರಲ್ಲಿ ಮನೆ ಸರಿಯಾಗಬೇಕೆಂದು ಬೆಂಗಳೂರಿನಲ್ಲಿರುವ ಮಗ ಒಂದು ಕ್ಲೀನಿಂಗ್ ಕಂಪನಿಗೆ ಮೊಬೈಲಿನಲ್ಲೇ ಅಡ್ವಾನ್ಸ್ ಕಟ್ಟಿದ್ದಾನೆ. ಒಂದೇ ದಿನದಲ್ಲಿ ಎಲ್ಲ ಖಾಲಿ ಮಾಡಿ, ಇಲಿಗೂ ಔಷಧಿ ಇಟ್ಟು ಹೋಗುತ್ತಾರಂತೆ. ಅದನ್ನು ಕೇಳಿ ನಮ್ಮ ಯಜಮಾನರು, "ನಮ್ಮಮ್ಮನ ಸಾಮಾನನ್ನು ಯಾರೋ ಬಂದು ಬೀದಿಗೆ ಹಾಕೋದು ಬೇಡ" ಎಂದು ಮಗನ ಜೊತೆ ಮಾತು ಬಿಟ್ಟಿದ್ದಾರೆ. ಮೈದುನ, "ತಾತನ ಕಾಲದ ಚಿನ್ನ ಅಲ್ಲೇ ಎಲ್ಲೋ ಇದೆ, ನಾನಿಲ್ಲದೆ ಮುಟ್ಟಬೇಡಿ" ಅನ್ನುತ್ತಾರೆ. ನಾದಿನಿಯನ್ನು ಯಾರೂ ಕೇಳಿಲ್ಲ. ಇವರೆಲ್ಲರ ಜಗಳ ನೋಡಿದರೆ ನಾನೇ ಒಂದು ದಿನ ಸೆರಗು ಕಟ್ಟಿ, ಪೊರಕೆ ಹಿಡಿದು ಹತ್ತಿಬಿಡೋಣ ಅನ್ನಿಸುತ್ತದೆ. ಹೊರಗಿನವರನ್ನು ಕರೆಸುವುದು ತಪ್ಪೇ? ಏನು ಮಾಡಲಿ?

— ಹೆಸರು ಬೇಡ

ತಂಗಿ,

ಪೊರಕೆ ಹಿಡಿದು ಹತ್ತಬೇಡಿ. ಮೊದಲು ಈ ಮಾತು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ. ಹೊರಗಿನವರನ್ನು ಕರೆಸುವುದರಲ್ಲಿ ತಪ್ಪೇನೂ ಇಲ್ಲ, ಕರೆಸಲೇಬೇಕು. ಆದರೆ ನಿಮ್ಮ ಮಗ ಗೊತ್ತುಮಾಡಿದ ದಿನಕ್ಕಲ್ಲ, ಅವನು ಒಪ್ಪಿಕೊಂಡ ರೀತಿಯಲ್ಲೂ ಅಲ್ಲ. ಕಸ ಹೊರುವ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಬಹುದು. ಯಾವುದು ಕಸ ಎಂದು ತೀರ್ಮಾನಿಸುವ ಕೆಲಸ ಮನೆಯವರದು, ಅದನ್ನು ಯಾವ ಕಂಪನಿಗೂ ಕೊಡಬಾರದು. ನಿಮ್ಮ ಮನೆಯಲ್ಲಿ ಈ ಎರಡೂ ಕೆಲಸ ಒಂದೇ ದಿನಕ್ಕೆ, ಒಂದೇ ಗುಂಪಿನ ಕೈಗೆ ಹೋಗಿವೆ. ಯಜಮಾನರ ಸಿಟ್ಟು, ಮಗನ ಅವಸರ, ಮೈದುನನ ಅನುಮಾನ ಎಲ್ಲವೂ ಹುಟ್ಟಿರುವುದು ಅಲ್ಲೇ.

ನೀವು ಯಾಕೆ ಹತ್ತಬಾರದು ಎಂದರೆ, ಆ ಅಟ್ಟ ಅತ್ತೆಯವರ ಕಾಲದ ಅಟ್ಟವಾಗಿ ಉಳಿದಿಲ್ಲ. ಸೌದೆ ಒಲೆ ಉರಿಯುತ್ತಿದ್ದಾಗ ಅಡುಗೆಮನೆಯ ಹೊಗೆ ದಿನಕ್ಕೆ ಎರಡು ಹೊತ್ತು ಜಂತೆಗಳ ಸಂದಿಯಿಂದ ಮೇಲೇರಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಅವರೆಬೀಜ, ಸೋರೆಬುರುಡೆ, ರಾಗಿತೆನೆ ಎಲ್ಲವನ್ನೂ ನಮ್ಮ ಹಿರಿಯರು ಅಲ್ಲೇ ಕಟ್ಟಿಡುತ್ತಿದ್ದುದು ಅದಕ್ಕೇ. ಹೊಗೆ ತಾಗಿದ ಬೀಜಕ್ಕೆ ಹುಳು ಬರುತ್ತಿರಲಿಲ್ಲ, ಮರಕ್ಕೆ ಗೆದ್ದಲು ಸುಲಭವಾಗಿ ಹತ್ತುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ನಿಮ್ಮ ಕಣ್ಣಿಗೂ ಎದೆಗೂ ದೊಡ್ಡ ಉಪಕಾರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಟ್ಟಕ್ಕಿದ್ದ ಕಾವಲು ಹೋಯಿತು. ಅದರ ಮೇಲೆ ಹತ್ತಿ ಇಳಿಯುವ ಮನುಷ್ಯರೂ ಇಲ್ಲವಾದರು. ಗೆದ್ದಲು ಒಳಗಿನಿಂದ ತಿಂದ ಹಲಗೆ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಕಾಲಿಟ್ಟಾಗಲೇ ಗೊತ್ತಾಗುವುದು. ಕೆಲಸದವರು ಹತ್ತುವ ಮೊದಲು ಊರಿನ ಬಡಗಿಯೊಬ್ಬರನ್ನು ಕರೆಸಿ, ಕೆಳಗಿನಿಂದಲೇ ಪ್ರತಿ ತೊಲೆಯನ್ನೂ ಜಂತೆಯನ್ನೂ ಕೋಲಿನಿಂದ ತಟ್ಟಿ ನೋಡಿಸಿ. ಟೊಳ್ಳು ಸದ್ದು ಬಂದಲ್ಲಿ ಸುಣ್ಣದ ಗುರುತು ಹಾಕಿಸಿ. ಹತ್ತುವವರು ತೊಲೆಯ ಮೇಲೆ ಮಾತ್ರ ಕಾಲಿಡಬೇಕು, ಇಲ್ಲವೇ ಎರಡು ತೊಲೆಗೆ ಅಡ್ಡಲಾಗಿ ಹೊಸ ಹಲಗೆ ಹಾಕಿಕೊಳ್ಳಬೇಕು.

ಇನ್ನು ಧೂಳು. ಬಾವಲಿಯ ಹಿಕ್ಕೆ ಒಣಗಿ ಪುಡಿಯಾದಾಗ ಅದರಲ್ಲಿ ಬೆಳೆದ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಉಸಿರಿನ ಜೊತೆ ಎದೆಗೆ ಇಳಿಯಬಹುದು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕೈಕಾಲಿನಲ್ಲಿ ಸಣ್ಣ ಗಾಯವೊಂದಿದ್ದರೆ ಸಾಕು, ಅದಕ್ಕೆ ದಾರಿಯಾಗುತ್ತದೆ. ಆದ್ದರಿಂದ ಒಣ ಪೊರಕೆ ಅಲ್ಲಿ ಆಡಲೇಬಾರದು. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಹಿಕ್ಕೆಯ ಮೇಲೆ ತುಂತುರಾಗಿ ಸಿಂಪಡಿಸಿ, ಚೆನ್ನಾಗಿ ನೆನೆದ ಮೇಲೆ ಸಲಿಕೆಯಿಂದ ತೆಗೆದು ಚೀಲಕ್ಕೆ ತುಂಬಬೇಕು. ಆ ನೀರಿಗೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಬಾರದು, ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಹತ್ತುವ ಪ್ರತಿಯೊಬ್ಬರಿಗೂ ಎನ್-95 ಮಾಸ್ಕ್, ರಬ್ಬರ್ ಕೈಗವಸು, ಬೂಟು ಇರಬೇಕು. ಮೂಗಿಗೆ ಕಟ್ಟಿದ ಟವೆಲು ಇದಕ್ಕೆ ಸಾಲದು. ಕಂಪನಿಯವರು ಇವುಗಳಿಲ್ಲದೆ ಬಂದರೆ ವಾಪಸು ಕಳಿಸಿ. ಹಾಗೆ ಬಂದವರು ಕೆಲಸ ಗೊತ್ತಿರುವವರಲ್ಲ.

ಇಲಿ ಔಷಧಿಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆ ಒಂದು ಸಾಲು. 2024ರ ನವೆಂಬರ್‌ನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ ಒಂದು ಕುಟುಂಬ ಇಲಿ ಕಾಟಕ್ಕೆಂದು ಹೊರಗಿನ ಕಂಪನಿಯವರಿಂದ ಮನೆಯೊಳಗೆ ವಿಷ ಇಡಿಸಿತು. ರಾತ್ರಿ ಕಿಟಕಿ ಬಾಗಿಲು ಮುಚ್ಚಿ, ಏಸಿ ಹಾಕಿ ಮಲಗಿದರು. ಬೆಳಗಾಗುವಷ್ಟರಲ್ಲಿ ಎಲ್ಲರೂ ಅಸ್ವಸ್ಥರಾಗಿದ್ದರು. ಇಬ್ಬರು ಪುಟ್ಟ ಮಕ್ಕಳು ಉಳಿಯಲಿಲ್ಲ. ಅಪ್ಪ ಅಮ್ಮ ಮಾಡಿದ್ದು ನಿಮ್ಮ ಮಗ ಮಾಡಲು ಹೊರಟದ್ದನ್ನೇ, ಮಕ್ಕಳ ಒಳ್ಳೆಯದಕ್ಕೆಂದೇ. ಧಾನ್ಯದ ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಅದನ್ನು ಜನ ವಾಸಿಸುವ ಮನೆಯಲ್ಲಿ ಬಳಸಲು ಯಾರಿಗೂ ಹಕ್ಕಿಲ್ಲ. ನಿಮ್ಮ ಹೆಂಚಿನ ಮನೆಯ ಅಟ್ಟಕ್ಕೂ ಕೆಳಗೆ ಮಗು ಮಲಗುವ ನಡುಮನೆಗೂ ನಡುವೆ ಇರುವುದು ಸಂದಿ ಬಿದ್ದ ಹಲಗೆ ಮಾತ್ರ ಎಂಬುದನ್ನು ಮಗನಿಗೆ ನೆನಪಿಸಿ.

ಆದ್ದರಿಂದ ಕಂಪನಿಯವರಿಗೆ ಸ್ಪಷ್ಟವಾಗಿ ಬರೆದು ಕಳಿಸಲು ಹೇಳಿ: ಮನೆಯೊಳಗೆ ಇಲಿ ವಿಷ ಬೇಡ, ಹೊಗೆ ಹಾಕುವುದು ಬೇಡ. ಗೆದ್ದಲಿಗೆ ಏನಾದರೂ ಹೊಡೆಯಲೇಬೇಕಾದರೆ, ದುಡ್ಡಿಗೆ ಕೀಟನಾಶಕ ಹೊಡೆಯುವವರು 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಟ್ಟುಕೊಂಡಿರಬೇಕು. ಅದನ್ನು ತೋರಿಸಲು ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಿಗೆ ಕೆಲಸ ಕೊಡಬೇಡಿ. ಡಬ್ಬದ ಮೇಲಿನ ಚೀಟಿಯಲ್ಲಿ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯಲೆಂದು ಮಾಡಿರುವ ಗುರುತು ಅದು. ಚೀಟಿ ಕಿತ್ತ ಡಬ್ಬ, ಬಾಟಲಿಗೆ ಸುರಿದು ತಂದ ಔಷಧಿ ನಿಮ್ಮ ಹೊಸಿಲು ದಾಟಬಾರದು. ಹೊಡೆದರೂ, ಸೊಸೆ ಮಗು ಬರುವುದಕ್ಕೆ ವಾರಗಳ ಮೊದಲೇ ಮುಗಿದಿರಬೇಕು.

ಇಲಿಗೆ ಹಾಗಾದರೆ ಏನು ಮಾಡುವುದು? ಬೋನು ಇಡಿ. ರಾಗಿ ಮೂಟೆ ಮನೆಯೊಳಗಿದ್ದರೆ ತಗಡಿನ ಪೀಪಾಯಿಗೆ ಹಾಕಿ. ಗೋಡೆ ಮತ್ತು ಸೂರು ಸೇರುವ ಕಡೆ ಇರುವ ಕಂಡಿಗಳಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬಡಿಸಿ, ಸಿಮೆಂಟ್ ಮೆತ್ತಿಸಿ. ಇನ್ನೊಂದು ಕೆಲಸ ಹೆಚ್ಚು ಖರ್ಚಿಲ್ಲದ್ದು, ಆದರೆ ಎಲ್ಲಕ್ಕಿಂತ ಉಪಯೋಗದ್ದು: ಅಟ್ಟದ ಮೇಲೆ ಬರುವ ಕಡೆ ನಾಲ್ಕಾರು ಹೆಂಚು ತೆಗೆಸಿ ಗಾಜಿನ ಹೆಂಚು ಕೂರಿಸಿ. ಬೆಳಕು ಬಿದ್ದ ಅಟ್ಟದಲ್ಲಿ ಇಲಿಯೂ ಬಾವಲಿಯೂ ನೆಮ್ಮದಿಯಾಗಿ ಸಂಸಾರ ಹೂಡುವುದಿಲ್ಲ, ಮನುಷ್ಯರು ಹತ್ತಿ ನೋಡಲು ಅಂಜುವುದೂ ಇಲ್ಲ.

ಬಾವಲಿಗಳನ್ನು ಹೊಗೆ ಹಾಕಿ, ಬಡಿದು ಕೊಲ್ಲಿಸಬೇಡಿ. ಮನೆಯ ಹೆಂಚಿನ ಸಂದಿಯಲ್ಲಿ ಇರುವವು ಸಾಮಾನ್ಯವಾಗಿ ಸೊಳ್ಳೆ, ಹುಳು ಹಿಡಿದು ತಿನ್ನುವ ಪುಟ್ಟ ಬಾವಲಿಗಳು, ಹೊಲಕ್ಕೆ ಒಳ್ಳೆಯವು. ಅವು ಸಂಜೆ ಯಾವ ಕಂಡಿಯಿಂದ ಹೊರಡುತ್ತವೆ ಎಂದು ಅಂಗಳದಲ್ಲಿ ಕೂತು ನೋಡಿ. ಆ ಕಂಡಿಗೆ ಹೊರಗಡೆಯಿಂದ ಮೇಲ್ಭಾಗ ಮಾತ್ರ ಅಂಟಿಸಿದ ಒಂದು ಬಲೆ ಇಳಿಬಿಟ್ಟರೆ ಹೊರಗೆ ಹೋಗುತ್ತವೆ, ಒಳಗೆ ಬರಲಾರವು. ಎಲ್ಲ ಹೋದವೆಂದು ಖಾತ್ರಿಯಾದ ಮೇಲೆ ಕಂಡಿ ಮುಚ್ಚಿಸಿ. ಮರಿಗಳಿದ್ದರೆ ಮಾತ್ರ ಅವು ಹಾರುವತನಕ ಕಾಯಬೇಕು, ಇಲ್ಲದಿದ್ದರೆ ಒಳಗೇ ಸತ್ತು ವಾಸನೆ ಇನ್ನೂ ಹೆಚ್ಚುತ್ತದೆ. ನಿಮ್ಮದು ಕಾಡಂಚಿನ ಸೀಮೆ. ರಾಗಿ ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು ಕರೆಯುತ್ತದೆ. ಕೇರೆಯಾಗಲಿ, ನಾಗರವಾಗಲಿ ಕಂಡರೆ ಕೆಲಸ ನಿಲ್ಲಿಸಿ, ಎಲ್ಲರೂ ಕೆಳಗಿಳಿದು ಅರಣ್ಯ ಇಲಾಖೆಗೋ 101ಕ್ಕೋ ಫೋನ್ ಮಾಡಿ. ನಮ್ಮ ಕಡೆ ಅಗ್ನಿಶಾಮಕದವರು ಹಾವು ಹಿಡಿಯಲು ಬರುತ್ತಾರೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಯಾವುದೂ ಬೇಡ. 108 ಕರೆಸಿ ನೇರ ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗೂಬೆ ಗೂಡು ಕಟ್ಟಿದ್ದರೆ ಅಪಶಕುನ ಎಂದು ಓಡಿಸಬೇಡಿ, ನಿಮ್ಮ ಇಲಿಗಳನ್ನು ಅಷ್ಟಿಷ್ಟು ಹಿಡಿತದಲ್ಲಿ ಇಟ್ಟಿರುವುದೇ ಅದು.

ಇಷ್ಟು ಧೂಳಿನ ಮಾತಾಯಿತು. ಇನ್ನು ಸಾಮಾನಿನ ಮಾತು. ನಿಮ್ಮ ಮೈದುನ ಹುಡುಕುತ್ತಿರುವ ಚಿನ್ನ ಅಲ್ಲಿ ಇದೆಯೋ ಇಲ್ಲವೋ, ಬೆಲೆಬಾಳುವ ಇನ್ನೊಂದು ವಸ್ತು ಇರುವ ಸಂಭವ ಬಹಳ ಹೆಚ್ಚು. ಅದು ಕಾಗದ.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲೋ, ಬಟ್ಟೆ ಗಂಟಿನಲ್ಲೋ ಕ್ರಯಪತ್ರ, ಭೋಗ್ಯಪತ್ರ, ಭಾಗಪತ್ರ, ಕಂದಾಯದ ರಸೀತಿ ಇಟ್ಟಿರುತ್ತಾರೆ. ಒಂದೊಂದು ತೆಲುಗಿನಲ್ಲಿ, ಒಂದೊಂದು ಕನ್ನಡದಲ್ಲಿ, ಒಂದೊಂದು ತಮಿಳಿನಲ್ಲಿ. ಬೆಂಗಳೂರಿನಲ್ಲಿರುವ ಹುಡುಗನಿಗೆ ಅದು ಗೆದ್ದಲು ತಿಂದ ಕಾಗದದ ಕಟ್ಟು. ಅದರ ಮೇಲೆ "ಸೇಲಂ ಜಿಲ್ಲೆ, ಹೊಸೂರು ತಾಲ್ಲೂಕು" ಎಂದಿದ್ದರೆ, ಇದು ನಮ್ಮೂರಿನದೇ ಅಲ್ಲ ಎಂದು ಪಕ್ಕಕ್ಕೆ ಎಸೆದುಬಿಡಬಹುದು. ನಿಮ್ಮದೇ, ತಂಗಿ. 1965ರಲ್ಲಿ ಧರ್ಮಪುರಿ ಜಿಲ್ಲೆ ಆಗುವತನಕ ನಾವೆಲ್ಲ ಸೇಲಂ ಜಿಲ್ಲೆಯವರು. ಅಲ್ಲಿಂದ 2004ರ ಫೆಬ್ರವರಿಯವರೆಗೆ ಧರ್ಮಪುರಿಯವರು. ಆಮೇಲೆ ಕೃಷ್ಣಗಿರಿಯವರು. ನಿಮ್ಮ ಡೆಂಕಣಿಕೋಟೆ ಕೂಡ ಮೊದಲು ಹೊಸೂರು ತಾಲ್ಲೂಕಿಗೇ ಸೇರಿತ್ತು. 1969ಕ್ಕೆ ಮುಂಚಿನ ಕಾಗದದಲ್ಲಿ ರಾಜ್ಯದ ಹೆಸರೂ ಮದ್ರಾಸ್ ಎಂದೇ ಇರುತ್ತದೆ. ಊರು ಕದಲಲಿಲ್ಲ, ನೆಲ ಕದಲಲಿಲ್ಲ, ಕಾಗದದ ಮೇಲಿನ ಹೆಸರು ಮಾತ್ರ ಮತ್ತೆ ಮತ್ತೆ ಬದಲಾಯಿತು.

ಅವು ಈಗ ಯಾಕೆ ಬೇಕು ಎಂದರೆ, 1980ರ ಆಸುಪಾಸಿನಲ್ಲಿ ತಮಿಳುನಾಡಿನಲ್ಲಿ ಯು.ಡಿ.ಆರ್. ಎಂಬ ಹೆಸರಿನಲ್ಲಿ ಜಮೀನಿನ ದಾಖಲೆಗಳನ್ನೆಲ್ಲ ಹೊಸದಾಗಿ ಬರೆದರು. ಆಗ ಹೆಸರು ತಪ್ಪಿದ್ದು, ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಸರು ಬಿಟ್ಟುಹೋದದ್ದು, ಸರ್ವೆ ನಂಬರ್ ಅದಲುಬದಲಾದದ್ದು ಎಷ್ಟೋ ಮನೆಗಳಲ್ಲಿ ಉಂಟು. ಅದನ್ನು ತಿದ್ದಿಸಲು ಹೋದಾಗ ಅಧಿಕಾರಿಗಳು ಮೊದಲು ಕೇಳುವುದೇ ಅದಕ್ಕೂ ಹಿಂದಿನ ಕಾಗದ. ಹೊಸೂರಿನ ಸುತ್ತ ಕೈಗಾರಿಕೆ ಬೆಳೆದು, ಬೆಂಗಳೂರಿನ ದುಡ್ಡು ಗಡಿ ದಾಟಿ ಬಂದು ನೆಲದ ಬೆಲೆ ಏರಿದ ಮೇಲೆ ಮೂಲಪತ್ರಕ್ಕೆ ಎಲ್ಲಿಲ್ಲದ ಬೆಲೆ ಬಂದಿದೆ. ಮೂಲಪತ್ರ ಕಳೆದುಹೋಯಿತೆಂದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು, ಪತ್ತೆಯಾಗಲಿಲ್ಲ ಎಂಬ ಸರ್ಟಿಫಿಕೇಟ್ ಪಡೆಯಲು ಅಲೆಯಬೇಕು. ನಿಮ್ಮ ಮನೆ ನತ್ತಂ, ಅಂದರೆ ಊರಿನ ವಾಸದ ಜಾಗದಲ್ಲಿದ್ದರೆ ಹಳೆಯ ಮನೆಗಂದಾಯದ ರಸೀತಿಯೂ ಸಾಕ್ಷಿಯಾಗುತ್ತದೆ. ಮಾವನವರ ಶಾಲೆಯ ಟಿ.ಸಿ. ಸಿಕ್ಕರೆ ಅದನ್ನೂ ಜೋಪಾನ ಮಾಡಿ, ಮೊಮ್ಮಗುವಿಗೆ ಜಾತಿ ಸರ್ಟಿಫಿಕೇಟ್ ಮಾಡಿಸುವ ದಿನ ಅದು ಕೈಹಿಡಿಯುತ್ತದೆ. ಒಂದೇ ದಿನದಲ್ಲಿ ಖಾಲಿ ಮಾಡುವ ಹುಡುಗರು ಈ ಪೆಟ್ಟಿಗೆಯನ್ನು ತೂಕಕ್ಕೆ ಹಾಕಿಬಿಟ್ಟರೆ ಅವರದು ತಪ್ಪಲ್ಲ. ಅವರಿಗೆ ಹೇಳಿದ ಕೆಲಸವೇ ಅದು.

ಆದ್ದರಿಂದ ಕಂಪನಿ ಬರುವುದಕ್ಕೆ ಮೊದಲು ಮನೆಯವರದೇ ಒಂದು ದಿನ ಇರಲಿ. ಮೇಲೆ ಹತ್ತಲು ಊರಿನ ನಂಬಿಕೆಯ ಇಬ್ಬರು ಸಾಕು, ಮಾಸ್ಕ್ ಹಾಕಿಸಿ. ಪೆಟ್ಟಿಗೆ, ಗಂಟು, ಪುಸ್ತಕ ಎಂಬುದೆಲ್ಲವನ್ನೂ ಬಿಚ್ಚದೆ ಹಾಗೆಯೇ ಕೆಳಗಿಳಿಸಿ ಅಂಗಳದ ನೆರಳಿನಲ್ಲಿ ಚಾಪೆ ಹಾಸಿ ಇಡಿ. ಪೆಟ್ಟಿಗೆ ತೆರೆಯುವ ಮೊದಲು ಕೋಲಿನಿಂದ ತಟ್ಟಿ, ಚೇಳು ಒಳಗೆ ಇದ್ದೀತು. ಒಂದೊಂದು ಕಾಗದವನ್ನೂ ಬಿಡಿಸುವಾಗಲೇ ಮಗ ಮೊಬೈಲಿನಲ್ಲಿ ಎರಡೂ ಕಡೆ ಫೋಟೋ ತೆಗೆಯಲಿ. ಅವನ ಅವಸರಕ್ಕೂ ಜಾಣತನಕ್ಕೂ ಅದು ತಕ್ಕ ಕೆಲಸ. ಮಡಿಕೆಯಲ್ಲಿ ಹರಿಯುವಂತಿದ್ದರೆ ಬಲವಂತವಾಗಿ ಬಿಡಿಸಬೇಡಿ, ಸೆಲೋಟೇಪು ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ತಾಳೆಗರಿ ಕಟ್ಟು ಸಿಕ್ಕರೆ? ನಮ್ಮಲ್ಲಿ ಅದನ್ನು ಹೊಳೆಗೆ ಬಿಡುವುದು, ಇಲ್ಲವೇ ಓದಲು ಬಾರದೆಂದು ಒಲೆಗೆ ಇಡುವುದು ಬಹಳ ನಡೆದಿದೆ. ನೆನೆದರೆ ಸಂಕಟವಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಇಡೀ ಜಗತ್ತಿಗೆ ಮತ್ತೆ ಸಿಕ್ಕಿದ್ದು ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟದ್ದರಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಅಟ್ಟದಲ್ಲಿ ಅಂಥದ್ದು ಇದೆ ಎಂದು ನಾನು ಹೇಳುತ್ತಿಲ್ಲ. ಜಾತಕವಿರಬಹುದು, ಲೆಕ್ಕವಿರಬಹುದು, ಊರ ನಾಟಕದ ಪದಗಳಿರಬಹುದು. ನಮ್ಮ ಗಡಿಸೀಮೆಯ ಕನ್ನಡದವರ ಬದುಕು ಅಚ್ಚಾದ ಪುಸ್ತಕಗಳಲ್ಲಿ ಇರುವುದು ತೀರ ಕಡಿಮೆ. ಇದ್ದರೆ ಇಂಥ ಕಟ್ಟುಗಳಲ್ಲೇ ಇರಬೇಕು. ಅದಕ್ಕೆ ಎಣ್ಣೆ, ಅರಿಶಿನ, ಸೀಮೆಎಣ್ಣೆ ಏನನ್ನೂ ಸವರದೆ, ಬಿಸಿಲಿಗೆ ಇಡದೆ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯ, ಈ ಮೂರೂ ಕಡೆ ಹಸ್ತಪ್ರತಿಗಳನ್ನು ನೋಡಿಕೊಳ್ಳುವವರಿದ್ದಾರೆ. ಹತ್ತಿರದಲ್ಲಿ ಕೃಷ್ಣಗಿರಿಯಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಅಲ್ಲಿ ಹೋಗಿ ವಿಚಾರಿಸಬಹುದು. 75 ವರ್ಷಕ್ಕೂ ಹಳೆಯದಾದ, ಚರಿತ್ರೆಗೋ ಸಾಹಿತ್ಯಕ್ಕೋ ಬೇಕಾದ ಹಸ್ತಪ್ರತಿಯನ್ನು 1972ರ ಕಾಯ್ದೆ ಪುರಾವಸ್ತು ಎಂದೇ ಎಣಿಸುತ್ತದೆ. ದುಡ್ಡು ಕೊಡುತ್ತೇನೆಂದು ಮನೆಬಾಗಿಲಿಗೆ ಬರುವವರ ಕೈಗೆ ಕೊಡಬೇಡಿ.

ಮೇಲೆ ಹಳೆಯ ಕೀಟನಾಶಕದ ಡಬ್ಬ, ಪುಡಿಯ ಪೊಟ್ಟಣ ಸಿಗುವುದೂ ಸಾಮಾನ್ಯ. ಗಮಾಕ್ಸಿನ್ ಎಂದು ನಮ್ಮ ರೈತರು ಕರೆಯುತ್ತಿದ್ದ ಬಿ.ಎಚ್.ಸಿ. ಪುಡಿಗೆ 1997ರಲ್ಲೇ ನಿಷೇಧ ಬಂತು, ಎಂಡೋಸಲ್ಫಾನ್‌ಗೆ 2011ರಲ್ಲಿ. ಅಟ್ಟದ ಮೇಲೆ ಕೂತ ಡಬ್ಬಕ್ಕೆ ನಿಷೇಧ ಗೊತ್ತಾಗುವುದಿಲ್ಲ. ಮುಚ್ಚಳ ತೆರೆಯಬೇಡಿ, ಮೂಸಬೇಡಿ, ಚರಂಡಿಗೂ ತಿಪ್ಪೆಗೂ ಹಾಕಬೇಡಿ, ಸುಡಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಕೃಷಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಒಡೆದ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು ಇರಬಹುದು. ನೀರು ಚಿಮುಕಿಸಿ, ಮತ್ತೆ ಒಡೆಯದೆ, ಇಡಿಯಾಗಿ ಇಳಿಸಲಿ.

ಈಗ ಚಿನ್ನ, ಹಿತ್ತಾಳೆ. ಮೈದುನ ಕೇಳಿದ್ದರಲ್ಲಿ ತಪ್ಪಿಲ್ಲ, ಅವರು ಎದುರಿಗಿರಲಿ. ಆದರೆ ನಾದಿನಿಯನ್ನು ಯಾರೂ ಕೇಳಿಲ್ಲ ಎಂದು ನೀವು ಒಂದೇ ಮಾತಿನಲ್ಲಿ ಬರೆದಿದ್ದೀರಿ. ಬರೆದಿದ್ದೀರಿ ಎಂದರೆ ಅದು ನಿಮ್ಮನ್ನು ಕೊರೆಯುತ್ತಿದೆ ಎಂದೇ ನಾನು ತಿಳಿಯುತ್ತೇನೆ. ಅತ್ತೆಯವರ ಒಡವೆ, ಅವರ ತವರಿನಿಂದ ಬಂದ ಹಂಡೆ, ಕೊಳದಪ್ಪಲೆ, ಅವರದೇ ಹೆಸರು ಕೊರೆಸಿದ ಚೆಂಬು ಎಲ್ಲವೂ ಅತ್ತೆಯವರ ಸ್ವತ್ತು. ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವತ್ತು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಮದುವೆಯಾಗದ ಹೆಣ್ಣುಮಕ್ಕಳಿಗೆ ತಮಿಳುನಾಡು 1989ರಲ್ಲೇ ಪಾಲು ಕೊಟ್ಟಿತು, ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಬಂದದ್ದು 2005ರಲ್ಲಿ. ಕಾನೂನು ಹಾಗಿರಲಿ, ಅಮ್ಮನ ಪೆಟ್ಟಿಗೆ ತೆರೆಯುವಾಗ ಮಗಳು ಇಲ್ಲದಿರುವುದು ಯಾವ ನ್ಯಾಯ? ಅವರು ಬಂದರೆ ಇನ್ನೊಂದು ಅನುಕೂಲವೂ ಇದೆ. ಯಾವ ಗಂಟಿನಲ್ಲಿ ಏನಿದೆ ಎಂದು ಬಲ್ಲವರು ನಿಮ್ಮ ಮನೆಯಲ್ಲಿ ಅವರೊಬ್ಬರೇ ಇರಬಹುದು.

ಚಿನ್ನ ಸಿಕ್ಕರೆ ಎಲ್ಲರ ಎದುರಿಗೆ ತೂಗಿ, ಪಟ್ಟಿ ಬರೆದು, ಎಲ್ಲರೂ ರುಜು ಹಾಕಿ. ಸಿಗದಿದ್ದರೆ ಸಿಗಲಿಲ್ಲ ಎಂಬುದಕ್ಕೂ ಎಲ್ಲರೂ ಸಾಕ್ಷಿ. ಅಣ್ಣತಮ್ಮಂದಿರ ನಡುವೆ ಮುಂದೆ ಹುಟ್ಟಬಹುದಾದ ಸಂಶಯವನ್ನು ಈ ಒಂದು ದಿನ ಕಳೆಯುತ್ತದೆ. ಹಿತ್ತಾಳೆ ತಾಮ್ರವನ್ನು ಅಂದೇ ಗುಜರಿಯವರಿಗೆ ಹಾಕಬೇಡಿ. ಅವರು ತೂಕಕ್ಕೆ ಕೊಡುತ್ತಾರೆ, ಅದರಲ್ಲಿನ ಕೈಕೆಲಸಕ್ಕೆ ಕೊಡುವುದಿಲ್ಲ. ಸೇರು, ಪಾವು, ಕೊಳಗ ಇದ್ದರೆ ಒಂದೊಂದು ಮನೆಗೆ ಒಂದೊಂದು ಹೋಗಲಿ. ಉಳಿದ ಮುರುಕು ಕುಕ್ಕೆ, ಒಡೆದ ಮಡಕೆ, ಹಳೆಯ ಟಯರು, ಖಾಲಿ ಬಾಟಲಿ, ಹತ್ತಿ ಕಿತ್ತುಬಂದ ಹಾಸಿಗೆ ಇವೆಲ್ಲ ನಿಜವಾಗಿಯೂ ಕಸವೇ. ಕಣ್ಣು ಮುಚ್ಚಿ ಕೊಟ್ಟುಬಿಡಿ. ಎಲ್ಲವನ್ನೂ ಉಳಿಸಿಕೊಂಡರೆ ಮತ್ತೆ ಇಲಿಗೆ ಮನೆ ಮಾಡಿಕೊಟ್ಟಂತೆ.

ಯಜಮಾನರ ಜೊತೆ ಹೇಗೆ ಮಾತಾಡುವುದು ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಅವರು ಹಿಡಿದು ಕೂತಿರುವುದು ಸಾಮಾನನ್ನಲ್ಲ. ಅಮ್ಮ ತೀರಿಕೊಂಡ ಮೇಲೆ ಆ ಏಣಿ ಹತ್ತದಿರುವುದೇ ಅವರು ಇಟ್ಟುಕೊಂಡಿರುವ ದುಃಖ. ಗಂಡಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸಿಟ್ಟು ಮಾಡುತ್ತಾರೆ. "ಗಲೀಜು, ವಾಸನೆ" ಎಂದು ಶುರುಮಾಡಿದರೆ ಅವರ ಕಿವಿಗೆ ಅದು ಅಮ್ಮನ ಮೇಲಿನ ಮಾತಾಗಿಯೇ ಕೇಳುತ್ತದೆ. "ಅತ್ತೆ ಅಷ್ಟು ಜೋಪಾನ ಮಾಡಿದ್ದನ್ನು ಗೆದ್ದಲು ತಿನ್ನುತ್ತಿದೆ, ನಾವೇ ಇಳಿಸಿ ನೋಡೋಣ" ಎಂದು ಹೇಳಿ ನೋಡಿ. ಹೇಳುವುದು ನಿಜವೂ ಹೌದು. ಮೊದಲ ಪೆಟ್ಟಿಗೆಯನ್ನು ಅವರೇ ತೆರೆಯಲಿ. ಮಗ ಕೆಟ್ಟವನಲ್ಲ, ಮಗುವಿನ ಎದೆಗೆ ಧೂಳು ಹೋಗಬಾರದೆಂಬ ಅವನ ಚಿಂತೆ ಸರಿಯಾದದ್ದೇ. ಆದರೆ ಅಪ್ಪನನ್ನು ಒಂದು ಮಾತು ಕೇಳದೆ ದುಡ್ಡು ಕಟ್ಟಿದ್ದು ತಪ್ಪು, ಅದನ್ನು ಅವನಿಗೆ ನೀವೇ ಹೇಳಬೇಕು. ತಾಯಿ ಹೇಳಿದರೆ ನೋವಾಗದ ಮಾತುಗಳಲ್ಲಿ ಅದೂ ಒಂದು.

ಕಂಪನಿಯವರು ಬರುವ ದಿನದ ಬಗ್ಗೆ ಇಷ್ಟು ನೆನಪಿಡಿ. ಮಳೆಗಾಲ ಮುಗಿದು, ಕಣದ ಕೆಲಸ ಇಳಿದು, ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳು ಒಳ್ಳೆಯವು, ಹೆಂಚು ಕೈಯಾಡಿಸಿ ಒಡಕು ಬದಲಿಸಲೂ ಅದೇ ಕಾಲ. ಬೇಸಿಗೆಯ ಮಧ್ಯಾಹ್ನ ಹೆಂಚಿನ ಕೆಳಗೆ ಮನುಷ್ಯರು ಇರಲಾರರು, ಬೆಳಗ್ಗೆ ಬೇಗ ಶುರುಮಾಡಿ ಬಿಸಿಲೇರುವಾಗ ಇಳಿಯಲಿ. ಬರುವ ಹುಡುಗರು ಬಿಹಾರವೋ ಒಡಿಶಾವೋ ಎಲ್ಲಿಂದಲೋ ಬಂದವರಿರಬಹುದು, ನಿಮ್ಮ ಮಾತು ಅವರಿಗೆ ತಿಳಿಯದಿರಬಹುದು. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂಬುದನ್ನು ಮೊದಲೇ ಬೇರೆ ಬೇರೆ ಕಡೆ ಇಟ್ಟಿದ್ದರೆ ಮಾತಿನ ತೊಡಕೇ ಇರುವುದಿಲ್ಲ. ಕುಡಿಯಲು ನೀರು, ಮಜ್ಜಿಗೆ, ಮಧ್ಯಾಹ್ನದ ಊಟ ನಿಮ್ಮ ಮನೆಯದಾಗಲಿ. ಮೀಸೆ ಮೂಡದ ಹುಡುಗನನ್ನು ಮೇಲೆ ಹತ್ತಿಸಲು ಕರೆತಂದರೆ ಒಪ್ಪಬೇಡಿ. ಆ ದಿನ ಮನೆಯ ಹಾಸಿಗೆ, ಪಾತ್ರೆ, ಕಾಳುಕಡಿ ಎಲ್ಲಕ್ಕೂ ಬಟ್ಟೆ ಮುಚ್ಚಿ. ಕೆಲಸ ಮುಗಿದ ಮೇಲೆ ನೆಲ ಗೋಡೆ ಒದ್ದೆಬಟ್ಟೆಯಲ್ಲಿ ಒರೆಸಿ, ಕೆಲವು ದಿನ ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಡಿ. ಸೊಸೆಯನ್ನು ಕರೆತರುವ ಮೊದಲು ಅವಳಿಗೆ ಉಬ್ಬಸಕ್ಕೆ ನೋಡುವ ಡಾಕ್ಟರನ್ನು ಒಂದು ಮಾತು ಕೇಳಿ. ಅಟ್ಟದ ಮೇಲೆ ನಿಮ್ಮ ಯಜಮಾನರನ್ನು ತೂಗಿದ ತೊಟ್ಟಿಲೇನಾದರೂ ಇದ್ದರೆ, ಗೆದ್ದಲು ಹಿಡಿದಿಲ್ಲ ಎಂದು ಬಡಗಿ ಹೇಳಿದರೆ, ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಮೊಮ್ಮಗುವಿಗೆ ಕಟ್ಟಿ.

ಇವತ್ತು ಎರಡು ಫೋನ್ ಮಾಡಿ. ಮೊದಲನೆಯದು ಮಗನಿಗೆ: ಅಡ್ವಾನ್ಸ್ ಹಾಗೇ ಇರಲಿ, ದಿನ ಮುಂದಕ್ಕೆ ಹಾಕಿಸು, ಇಲಿ ಔಷಧಿ ಬೇಡವೆಂದು ಬರೆದು ಕಳಿಸು ಎಂದು. ಎರಡನೆಯದು ನಾದಿನಿಗೆ. ಪೆಟ್ಟಿಗೆ ತೆರೆಯುವ ದಿನವನ್ನು ಅವರಿಗೆ ಅನುಕೂಲವಾಗುವ ದಿನವೇ ಇಟ್ಟುಕೊಳ್ಳಿ.